ಸೊನ್ನೆ ಬೇರೆ, ಖಾಲಿ ಬೇರೆ: ಎರಡನೇ ತರಗತಿಯಲ್ಲಿ ಒಂದು ಮಳೆವಾರ



ನಾನು ಕಾಸರಗೋಡು ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಎರಡನೇ ತರಗತಿಗೆ ಪಾಠ ಮಾಡುವವಳು. ಇದನ್ನು ಓದುವ ನೀವು ಹೆಚ್ಚಿನವರು ಐದು, ಆರು, ಏಳನೇ ತರಗತಿಯವರು ಇರಬಹುದು. "ಚಿಕ್ಕ ಮಕ್ಕಳ ಪಾಠ ನಮಗೆ ಎಂತಕ್ಕೆ?" ಅಂತ ಪುಟ ತಿರುಗಿಸಬೇಡಿ. ಜುಲೈ ತಿಂಗಳ ಒಂದು ವಾರ ನನ್ನ ತರಗತಿಯ ಮಕ್ಕಳು ಮಳೆ ಅಳೆದರು. ಅಳೆಯುವುದು ಸುಲಭವೇ ಆಯಿತು. ಬರೆಯುವಾಗ ಒಂದು ತೊಡಕು ಬಂತು. ಆ ತೊಡಕು ದೊಡ್ಡವರಿಗೂ ಬರುತ್ತದೆ, ವಿಜ್ಞಾನಿಗಳಿಗೂ ಬರುತ್ತದೆ. ನನಗೂ ಒಮ್ಮೆ ಬಂದಿತ್ತು, ಆಗ ನಾನು ತಪ್ಪು ಮಾಡಿದ್ದೆ. ಅದನ್ನೂ ಹೇಳುತ್ತೇನೆ.

ಸೋಮವಾರ: ಬಾಟಲಿಯ ಸೊನ್ನೆ

ಬೆಳಗ್ಗೆ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿದೆ. "ನಿನ್ನೆ ಎಷ್ಟು ಮಳೆ ಬಂತು?"

"ತುಂಬಾ!" "ಸ್ವಲ್ಪ!" "ನಮ್ಮ ತೋಟದ ತೋಡು ತುಂಬುವಷ್ಟು!" "ನಮ್ಮ ಅಜ್ಜಿಯ ಕೊಡೆ ಒದ್ದೆ ಆಗುವಷ್ಟು!"

ನಮ್ಮ ತರಗತಿಯಲ್ಲಿ ಮಳೆಗೆ ಹೆಸರುಗಳೂ ಹಲವು. ತುಳು ಮನೆಯ ಮಕ್ಕಳಿಗೆ ಅದು ಬರ್ಸ, ಕೊಂಕಣಿಯವರಿಗೆ ಪಾವ್ಸು, ಮಲಯಾಳ ಮಾತಾಡುವವರಿಗೆ ಮಳ. ಹೆಸರು ಬೇರೆ ಬೇರೆ ಆದರೂ ತೊಂದರೆಯಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಒಬ್ಬನ "ತುಂಬಾ" ಇನ್ನೊಬ್ಬಳ "ಸ್ವಲ್ಪ" ಆದರೆ ಕಷ್ಟ. ಯಾರ ಬಾಯಲ್ಲಿ ಕೇಳಿದರೂ ಒಂದೇ ಅರ್ಥ ಕೊಡುವ ಉತ್ತರ ಬೇಕು. ಅದಕ್ಕೆ ಮಳೆಮಾಪಕ ಮಾಡಲು ಹೊರಟೆವು.

ನಡುವೆ ಸೊಂಟದ ಹಾಗೆ ಸಪೂರ ಆಗದ, ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಆರಿಸಿಕೊಂಡೆವು. ಕುತ್ತಿಗೆಯ ಭಾಗವನ್ನು ನಾನೇ ಕತ್ತರಿಸಿ, ಅದನ್ನು ತಲೆಕೆಳಗು ಮಾಡಿ ಬಾಯಿಯೊಳಗೆ ಕೂರಿಸಿದೆ. ಆಲಿಕೆ ತಯಾರಾಯಿತು. ಆಲಿಕೆ ಇದ್ದರೆ ನೀರು ಆವಿಯಾಗುವುದು ಕಡಿಮೆ, ಎಲೆ ಕಸ ಬೀಳುವುದೂ ಕಡಿಮೆ.

ಆದರೆ ಬಾಟಲಿಯ ಅಡಿಭಾಗ ನೇರ ಇರುವುದಿಲ್ಲ, ಅಲ್ಲಿ ಗುಂಡಿ, ಉಬ್ಬು ಎಲ್ಲ ಉಂಟು. ಅಲ್ಲಿಂದಲೇ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಅಡಿಯಲ್ಲಿ ಸಣ್ಣ ಕಲ್ಲುಗಳನ್ನು ಹಾಕಿ, ಗೋಡೆ ನೇರ ಆಗುವಲ್ಲಿಯವರೆಗೆ ನೀರು ಹೊಯ್ದೆವು. ಆ ನೀರಿನ ಮಟ್ಟಕ್ಕೆ ಸರಿಯಾಗಿ ಗೆರೆ ಎಳೆದು "0" ಅಂತ ಬರೆದೆವು. ಅಲ್ಲಿಂದ ಮೇಲಕ್ಕೆ ಕಾಗದದ ಸ್ಕೇಲು ಅಂಟಿಸಿ, ಅದರ ಮೇಲೆ ಅಗಲದ ಟೇಪು ಹಾಕಿದೆವು.

ಆಗ ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಟೀಚರ್, ಒಳಗೆ ನೀರು ಉಂಟಲ್ಲ? ಮತ್ತೆ ಸೊನ್ನೆ ಹೇಗೆ?"

ಒಳ್ಳೆಯ ಪ್ರಶ್ನೆ. ಆ ನೀರು ನಾವು ಹಾಕಿದ್ದು, ಆಕಾಶದಿಂದ ಬಿದ್ದದ್ದಲ್ಲ. ಇಲ್ಲಿ ಸೊನ್ನೆ ಅಂದರೆ "ಬಾಟಲಿಯಲ್ಲಿ ಏನೂ ಇಲ್ಲ" ಅಂತ ಅಲ್ಲ. "ಮಳೆ ಲೆಕ್ಕ ಇಲ್ಲಿಂದ ಶುರು" ಅಂತ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಬಾಟಲಿ ಇಡುವ ಜಾಗವೂ ಮುಖ್ಯ. ಮರ, ಕಟ್ಟಡದ ಎತ್ತರ ಎಷ್ಟೋ ಅದರ ಕನಿಷ್ಠ ಎರಡರಷ್ಟು ದೂರದಲ್ಲಿ ಮಳೆಮಾಪಕ ಇರಬೇಕು ಎಂಬುದು ನಿಯಮ. ನಮ್ಮ ಹಂಚಿನ ಮಾಡು ಸುಮಾರು 5 ಮೀಟರ್ ಎತ್ತರ. ಹಾಗಾಗಿ 10 ಮೀಟರ್ ದೂರ ಅಳೆದು, ಅಂಗಳದ ನಡುವೆ ನಾಲ್ಕು ಇಟ್ಟಿಗೆಗಳ ಮಧ್ಯೆ ಬಾಟಲಿ ನಿಲ್ಲಿಸಿದೆವು. ಬಾಯಿ ನೆಲದಿಂದ ಒಂದು ಅಡಿ ಮೇಲೆ ಇತ್ತು. ತೀರಾ ಕೆಳಗೆ ಇದ್ದರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಗೆ ಹೋಗುತ್ತದೆ.

ಹವಾಮಾನ ಇಲಾಖೆಯವರು ಮಳೆಯ ಅಳತೆ ತೆಗೆಯುವುದು ಬೆಳಗ್ಗೆ 8.30ಕ್ಕೆ. ಆ ಹೊತ್ತಿಗೆ ನಾವು ಶಾಲೆಯಲ್ಲಿ ಇರುವುದಿಲ್ಲ. ದಿನಾ 10 ಗಂಟೆಗೆ ಅಂತ ನಿಶ್ಚಯಿಸಿದೆವು. ಸಮಯ ಯಾವುದಾದರೂ ಆಗಬಹುದು, ದಿನಾ ಅದೇ ಸಮಯ ಆಗಬೇಕು.

ಮಂಗಳವಾರ: ಏನೂ ಇಲ್ಲ, ಏನು ಬರೆಯುವುದು?

ಹತ್ತು ಗಂಟೆಗೆ ಎಲ್ಲರೂ ಅಂಗಳಕ್ಕೆ ಓಡಿದರು. ಹಿಂದಿನ ದಿನ ಪೂರ್ತಿ ಮೋಡ ಕಟ್ಟಿತ್ತೇ ಹೊರತು ಮಳೆ ಬಂದಿರಲಿಲ್ಲ. ನೀರು ಸೊನ್ನೆಯ ಗೆರೆಯಲ್ಲೇ ನಿಂತಿತ್ತು. ಮಕ್ಕಳ ಮುಖ ಸಪ್ಪೆಯಾಯಿತು.

ಗೋಡೆಯ ಪಟ್ಟಿಯಲ್ಲಿ ಐದು ದಿನಕ್ಕೆ ಐದು ಮನೆಗಳಿದ್ದವು. ಸೋಮವಾರದ ಮನೆಯಲ್ಲಿ "ಇವತ್ತು ಇಟ್ಟೆವು" ಅಂತ ಬರೆದಿದ್ದೆವು. ಮಂಗಳವಾರದ ಮನೆ ತುಂಬಬೇಕಾದ ಹುಡುಗ ಪೆನ್ಸಿಲ್ ಹಿಡಿದು ನಿಂತು, "ಏನೂ ಇಲ್ಲ ಟೀಚರ್, ಬರೆಯುವುದು ಎಂತ?" ಅಂದ. ಖಾಲಿ ಬಿಟ್ಟು ಬಂದು ಕೂತ.

ನಾನು ಕೇಳಿದೆ: "ಹೋದ ವಾರ ನಾವು ಮಳೆ ಅಳೆದಿದ್ದೇವಾ?"

"ಇಲ್ಲ."

"ಹೋದ ವಾರಕ್ಕೂ ಒಂದು ಪಟ್ಟಿ ಇದ್ದಿದ್ದರೆ, ಅದರ ಮನೆಗಳು ಹೇಗಿರುತ್ತಿದ್ದವು?"

"ಖಾಲಿ."

"ಇವತ್ತಿನ ಮನೆಯೂ ಖಾಲಿ. ಹಾಗಾದರೆ ಇವತ್ತು ನಾವು ಅಳೆದಿದ್ದೇವೆ ಅಂತ ನೋಡಿದವರಿಗೆ ಗೊತ್ತಾಗುವುದು ಹೇಗೆ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅದೇ ಹುಡುಗ ಎದ್ದು ಹೋಗಿ ದೊಡ್ಡದಾಗಿ ಒಂದು "0" ಬರೆದ. "ನೋಡಿದ್ದೇವೆ, ಆದರೆ ಮಳೆ ಬಂದಿಲ್ಲ" ಅಂದ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುತ್ತಿರಲಿಲ್ಲ.

ಬುಧವಾರ: ದೊಡ್ಡ ಡಬ್ಬದಲ್ಲಿ ಹೆಚ್ಚು ಮಳೆಯೇ?

ಮಂಗಳವಾರ ಸಂಜೆಯಿಂದ ಮಳೆ ಹಿಡಿಯಿತು. ಬುಧವಾರ ಮೂವರು ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಅಳತೆ ನೋಡಿ, ನನ್ನ ಕಿವಿಯಲ್ಲಿ ಮಾತ್ರ ಹೇಳಿದರು. ಇಬ್ಬರು 18 ಅಂದರು, ಒಬ್ಬ 20 ಅಂದ. ಅವನು ನಿಂತುಕೊಂಡೇ ಮೇಲಿನಿಂದ ನೋಡಿದ್ದ. ಕುಕ್ಕರಗಾಲಲ್ಲಿ ಕೂತು ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಲು ಹೇಳಿದೆ. ಆಗ ಅವನಿಗೂ 18 ಬಂತು. ಪಟ್ಟಿಯಲ್ಲಿ 18 ಮಿಲಿಮೀಟರ್.

ಆ ದಿನದ ದೊಡ್ಡ ಜಗಳ ಬೇರೆಯೇ ಇತ್ತು. ಮಂಗಳವಾರ ಸಂಜೆ ಮನೆಗೆ ಹೋಗುವ ಮೊದಲು ಬಾಟಲಿಯ ಪಕ್ಕದಲ್ಲೇ ಎರಡು ಪಾತ್ರೆ ಇಟ್ಟಿದ್ದೆವು. ಒಂದು ಅಗಲದ ಚೌಕ ಬಿಸ್ಕತ್ತು ಡಬ್ಬ, ಇನ್ನೊಂದು ನೇರ ಗೋಡೆಯ ಸಪೂರ ಗ್ಲಾಸು. "ಡಬ್ಬದಲ್ಲಿ ಹೆಚ್ಚು ಮಳೆ ಬೀಳ್ತದೆ" ಅಂತ ಹೆಚ್ಚಿನವರ ವಾದ. "ಗ್ಲಾಸು ಬೇಗ ತುಂಬ್ತದೆ" ಅಂತ ಇಬ್ಬರದ್ದು.

ಸ್ಕೇಲು ಇಳಿಸಿ ನೋಡಿದರೆ ಡಬ್ಬದಲ್ಲಿ 18, ಗ್ಲಾಸಿನಲ್ಲಿ 17. ಹೆಚ್ಚುಕಡಿಮೆ ಒಂದೇ! ಮಕ್ಕಳಿಗೆ ನಂಬಿಕೆ ಬರಲಿಲ್ಲ. ಸ್ಕೇಲು ಕಸಿದುಕೊಂಡು ಮತ್ತೆ ಅಳೆದರು. ಅಷ್ಟೇ ಬಂತು.

ಕಾರಣ ಹೀಗೆ. ಅಗಲದ ಡಬ್ಬಕ್ಕೆ ಹನಿಗಳು ಹೆಚ್ಚು ಬೀಳುತ್ತವೆ, ನಿಜ. ಆದರೆ ಆ ಹನಿಗಳಿಗೆ ಹರಡಿಕೊಳ್ಳಲು ಜಾಗವೂ ಅಷ್ಟೇ ಹೆಚ್ಚು. ಸಪೂರ ಗ್ಲಾಸಿಗೆ ಹನಿ ಕಡಿಮೆ, ಜಾಗವೂ ಕಡಿಮೆ. ಹಾಗಾಗಿ ಗೋಡೆ ನೇರ ಇರುವ ಯಾವ ಪಾತ್ರೆಯಲ್ಲಾದರೂ ನೀರಿನ ಎತ್ತರ ಒಂದೇ. ಮಳೆಯನ್ನು ಲೀಟರಿನಲ್ಲಿ ಹೇಳದೆ ಮಿಲಿಮೀಟರಿನಲ್ಲಿ ಹೇಳುವುದು ಇದಕ್ಕೇ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುವ ಬಕೆಟ್ಟಿಗೆ ಈ ಮಾತು ಹೊಂದುವುದಿಲ್ಲ. ಯಾಕೆ ಅಂತ ನೀವೇ ಯೋಚಿಸಿ.

ಒಬ್ಬ ತುಂಟ ಹುಡುಗ ಹಲಸಿನ ಮರದ ಅಡಿಯಲ್ಲಿ ಇನ್ನೊಂದು ಗ್ಲಾಸು ಇಟ್ಟಿದ್ದ. ಅದರಲ್ಲಿ 11 ಮಾತ್ರ. ಮಾಡಿನ ಅಂಚಿನ ಕೆಳಗೆ ಇಟ್ಟ ಲೋಟ ತುಂಬಿ ಹರಿದಿತ್ತು. ಮೂರೂ ಸುಳ್ಳು ಹೇಳುತ್ತಿಲ್ಲ. ಒಂದು ಮರದ ಎಲೆಗಳು ಬಿಟ್ಟುಕೊಟ್ಟ ನೀರು, ಒಂದು ಇಡೀ ಮಾಡಿನ ನೀರು, ಅಂಗಳದ್ದು ಮಾತ್ರ ಆಕಾಶದ ಮಳೆ. ಅಂಕಿ ಎಷ್ಟು ಅಂತ ಕೇಳುವ ಮೊದಲು ಎಲ್ಲಿ ಅಳೆದದ್ದು ಅಂತ ಕೇಳಬೇಕು.

ದೊಡ್ಡ ತರಗತಿಯವರಿಗೆ ಒಂದು ಲೆಕ್ಕ: 1 ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. 100 ಚದರ ಮೀಟರಿನ ಮಾಡಿನ ಮೇಲೆ 18 ಮಿಲಿಮೀಟರ್ ಬಿದ್ದರೆ 1,800 ಲೀಟರ್! ನಮ್ಮ ಊರುಗಳಲ್ಲಿ ಕೆಂಪುಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ಮನೆಗಳುಂಟು. ಜುಲೈಯಲ್ಲಿ ಗುಡ್ಡೆ ಕುಡಿದ ನೀರೇ ಮಾರ್ಚಿನಲ್ಲಿ ಆ ಸುರಂಗದಲ್ಲಿ ಜಿನುಗಬೇಕು.

ಗುರುವಾರ: ರಜೆ

ಬುಧವಾರ ರಾತ್ರಿ ಕೆಂಪು ಎಚ್ಚರಿಕೆ ಬಂತು. ಗುರುವಾರ ಜಿಲ್ಲೆಯ ಶಾಲೆಗಳಿಗೆಲ್ಲ ರಜೆ. ಮನೆಯಲ್ಲಿ ಕೂತು ಮಳೆಯ ಸದ್ದು ಕೇಳುತ್ತಾ ನನಗೆ ಬಾಟಲಿಯದ್ದೇ ಯೋಚನೆ. ತುಂಬಿ ಚೆಲ್ಲಿತೋ, ಗಾಳಿಗೆ ಮಗುಚಿ ಬಿತ್ತೋ! ಆದರೆ ಅಂಥ ಮಳೆಯಲ್ಲಿ ಅಳತೆ ನೋಡಲು ಹೋಗುವುದು ಬುದ್ಧಿವಂತಿಕೆಯಲ್ಲ. ನಾನೂ ಹೋಗಲಿಲ್ಲ, ಯಾವ ಮಗುವೂ ಹೋಗಲಿಲ್ಲ.

ಶುಕ್ರವಾರ: ಒಂದು ಮನೆ, ನಾಲ್ಕು ಉತ್ತರ

ಬಾಟಲಿ ಇಟ್ಟಿಗೆಗಳ ನಡುವೆ ಗಟ್ಟಿಯಾಗಿ ನಿಂತಿತ್ತು. ನೀರು 164ರಲ್ಲಿ! ಇನ್ನೆರಡು ಬೆರಳು ಮೇಲೆ ಬಂದಿದ್ದರೆ ಚೆಲ್ಲುತ್ತಿತ್ತು. ಮಕ್ಕಳು ಕುಣಿದರು. ಪಟ್ಟಿಯ ಮುಂದೆ ನಿಂತಾಗ ಕುಣಿತ ನಿಂತಿತು. ಗುರುವಾರದ ಮನೆಗೆ ಏನು ಬರೆಯುವುದು?

ಒಬ್ಬಳು ಅಂದಳು: "ಸೊನ್ನೆ ಬರೆಯುವಾ. ನಾವು ಅಳೆದಿಲ್ಲವಲ್ಲ."

ಇನ್ನೊಬ್ಬ: "ಅಯ್ಯೋ, ಅಷ್ಟು ಮಳೆ ಬಂದಿದೆ, ಸೊನ್ನೆಯಾ? ಎರಡು ದಿನಕ್ಕೆ ಸಮ ಪಾಲು ಮಾಡುವಾ."

ಮತ್ತೊಬ್ಬ: "ನಮ್ಮಪ್ಪ ನಿನ್ನೆ ನೂರು ಆಗಿರಬಹುದು ಅಂದ್ರು. ನೂರು ಬರೆಯುವಾ."

ಮಂಗಳವಾರ ಸೊನ್ನೆ ಬರೆದ ಹುಡುಗ ಸುಮ್ಮನೆ ಪಟ್ಟಿಯನ್ನೇ ನೋಡುತ್ತಿದ್ದ. ಕೊನೆಗೆ ಅಂದ: "ಟೀಚರ್, ಸೊನ್ನೆ ಅಂದ್ರೆ ನೋಡಿದ್ದೇವೆ, ಮಳೆ ಇಲ್ಲ ಅಂತ. ನಿನ್ನೆ ನಾವು ನೋಡಲೇ ಇಲ್ಲ. ಇದು ಖಾಲಿಯೇ ಇರಬೇಕು."

ಆಗ ನಾನು ನನ್ನ ಹಳೆಯ ಕಥೆ ಹೇಳಿದೆ. ಕೆಲವು ವರ್ಷಗಳ ಹಿಂದೆ ವಿಜ್ಞಾನ ಪ್ರದರ್ಶನವೊಂದಕ್ಕೆ ಮಕ್ಕಳ ಕೈಯಲ್ಲಿ ಒಂದು ತಿಂಗಳ ಮಳೆಯ ಪಟ್ಟಿ ಮಾಡಿಸಿದ್ದೆ. ನಡುನಡುವೆ ಖಾಲಿ ಮನೆಗಳಿದ್ದವು. ನೋಡಲು ಚೆಂದ ಇಲ್ಲ ಅಂತ ನಾನೇ ಅಂದಾಜಿನ ಅಂಕಿ ತುಂಬಿಸಿದೆ. ಪಟ್ಟಿ ಲಕ್ಷಣವಾಗಿ ಕಂಡಿತು. ನೋಡಲು ಬಂದ ಹಿರಿಯರೊಬ್ಬರು ಮಕ್ಕಳನ್ನು ಕೇಳಿದರು: "ಭಾನುವಾರವೂ ಶಾಲೆಗೆ ಬಂದು ಅಳೆದಿರಾ?" ಮಕ್ಕಳು ಉತ್ತರಿಸದೆ ನನ್ನ ಮುಖ ನೋಡಿದರು. ಅವರು ಬೇರೇನೂ ಹೇಳದೆ ಮುಂದಕ್ಕೆ ಹೋದರು. ಆ ಪಟ್ಟಿಯಲ್ಲಿ ಮಕ್ಕಳು ನಿಜವಾಗಿ ಅಳೆದ ಅಂಕಿಗಳೂ ಇದ್ದವು. ಆದರೆ ಯಾವುದು ಅಳೆದದ್ದು, ಯಾವುದು ನಾನು ತುಂಬಿಸಿದ್ದು ಅಂತ ಈಗ ನನಗೂ ಹೇಳಲು ಬರುವುದಿಲ್ಲ. ಮಕ್ಕಳ ಒಂದು ತಿಂಗಳ ಕೆಲಸ ನನ್ನಿಂದ ಹಾಳಾಯಿತು.

ಕಥೆ ಮುಗಿದ ಮೇಲೆ ನಮ್ಮ ಪಟ್ಟಿ ಹೀಗಾಯಿತು:

ಸೋಮವಾರ – ಇವತ್ತು ಇಟ್ಟೆವು
ಮಂಗಳವಾರ – 0
ಬುಧವಾರ – 18
ಗುರುವಾರ – (ಖಾಲಿ) ರಜೆ, ಅಳೆದಿಲ್ಲ
ಶುಕ್ರವಾರ – 164 (ಎರಡು ದಿನದ್ದು ಸೇರಿ)

ಖಾಲಿ ಬಿಟ್ಟರೆ ನಷ್ಟವೇ?

ಇಲ್ಲ. ಈಗ ದೊಡ್ಡವರು ಗಮನವಿಟ್ಟು ಓದಿ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರಿನಿಂದ 115.5ರವರೆಗೆ ಬಂದರೆ "ಭಾರೀ ಮಳೆ", 115.6ರಿಂದ 204.4ರವರೆಗೆ "ಅತಿ ಭಾರೀ ಮಳೆ".

ಗುರುವಾರ 0, ಶುಕ್ರವಾರ 164 ಅಂತ ಬರೆದಿದ್ದರೆ, ಒಂದು ದಿನ ಮಳೆಯೇ ಇಲ್ಲ, ಮರುದಿನ ಅತಿ ಭಾರೀ ಮಳೆ ಎಂದಾಗುತ್ತಿತ್ತು. 82, 82 ಅಂತ ಪಾಲು ಮಾಡಿದ್ದರೆ, ಎರಡೂ ದಿನ ಭಾರೀ ಮಳೆ ಎಂದಾಗುತ್ತಿತ್ತು. ಎರಡಕ್ಕೂ ನಮ್ಮ ಹತ್ತಿರ ಸಾಕ್ಷಿ ಇಲ್ಲ.

ನಾವು ಬರೆದ ಹಾಗೆ ಬರೆದರೆ ಏನು ಗೊತ್ತಾಗುತ್ತದೆ? ಎರಡು ದಿನಕ್ಕೆ 164 ಅಂದರೆ, ಎರಡೂ ದಿನ 82ಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ. ಹಾಗಾಗಿ ಎರಡರಲ್ಲಿ ಒಂದು ದಿನವಾದರೂ ಭಾರೀ ಮಳೆಯ ಗೆರೆ ದಾಟಿದ್ದು ಖಂಡಿತ. ಯಾವ ದಿನ ಅಂತ ಗೊತ್ತಿಲ್ಲ. ಗೊತ್ತಿರುವುದು ಎಷ್ಟು, ಗೊತ್ತಿಲ್ಲದ್ದು ಎಷ್ಟು, ಎರಡೂ ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಉಂಟು.

ಇದು ಬರೀ ಗೋಡೆಯ ಪಟ್ಟಿಯ ಮಾತಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿದದ್ದು ನಿಮಗೆಲ್ಲ ನೆನಪಿರಬಹುದು. ಗುಡ್ಡ ಕುಸಿಯುವುದಕ್ಕೆ ಹಲವು ಬಾರಿ ಆ ಒಂದು ರಾತ್ರಿಯ ಮಳೆ ಮಾತ್ರ ಕಾರಣವಲ್ಲ. ಹಿಂದಿನ ದಿನಗಳ ಮಳೆಯೂ ಮಣ್ಣಿನೊಳಗೆ ಇಳಿದು ಕೂತಿರುತ್ತದೆ. ಅದಕ್ಕೆ ಎಚ್ಚರಿಕೆ ಕೊಡುವವರು ಕೆಲವು ದಿನಗಳ ಅಳತೆಯನ್ನು ಕೂಡಿಸಿ ನೋಡುತ್ತಾರೆ. ವಯನಾಡಿನಲ್ಲಿ ರೈತರೂ ಊರವರೂ ಮಳೆ ಅಳೆದು ಅಂಕಿ ಕಳಿಸುವ ಏರ್ಪಾಡು ಈಗಲೂ ಉಂಟು. ಅಳೆಯದ ದಿನಕ್ಕೆ ಯಾರಾದರೂ 0 ಬರೆದರೆ, ಕೂಡಿಸುವವರ ಮೊತ್ತ ಕಡಿಮೆ ಬರುತ್ತದೆ. ಗುಡ್ಡದ ಕೆಳಗಿನ ಮನೆಯವರಿಗೆ "ಹೆದರಬೇಡಿ" ಅಂದ ಹಾಗಾಗುತ್ತದೆ. ಖಾಲಿ ಬಿಟ್ಟರೆ, ನೋಡಿದವರು "ಇಲ್ಲಿ ಅಳತೆ ಇಲ್ಲ, ಪಕ್ಕದ ಊರಿನದ್ದು ನೋಡುವಾ" ಅಂತ ಹುಡುಕುತ್ತಾರೆ.

ಮಳೆ ಕಡಿಮೆ ಇರುವ ಊರಿನಲ್ಲೋ, ಸೊನ್ನೆಗೇ ಹೆಚ್ಚು ಬೆಲೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾದರೆ, ರಾಯದುರ್ಗ ಇರುವ ಅನಂತಪುರ ಸೀಮೆಯಲ್ಲಿ ಸುಮಾರು 550 ಮಾತ್ರ. ಅಲ್ಲಿ ಶೇಂಗಾ ಬಿತ್ತಿದ ಮೇಲೆ ಎಷ್ಟು ದಿನ ಮಳೆ ಕೈಕೊಟ್ಟಿತು ಎಂಬುದೇ ದೊಡ್ಡ ಪ್ರಶ್ನೆ. 24 ಗಂಟೆಯಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಂದರೆ ಮಾತ್ರ ಅದನ್ನು "ಮಳೆ ದಿನ" ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಹದಿನೈದು ದಿನ ಸಾಲಾಗಿ 0 ಬರೆದಿದ್ದರೆ ಅದು ಒಣಗಿದ ಹೊಲಕ್ಕೆ ಸಾಕ್ಷಿ. ಹದಿನೈದು ದಿನ ಖಾಲಿ ಬಿಟ್ಟಿದ್ದರೆ ಯಾರಿಗೂ ಏನೂ ಹೇಳಲು ಬರುವುದಿಲ್ಲ. ಜತ್, ಅಕ್ಕಲಕೋಟೆ, ರಾಯದುರ್ಗದ ಮಕ್ಕಳೇ, "ನಮ್ಮಲ್ಲಿ ಮಳೆಯೇ ಇಲ್ಲ, ಅಳೆಯುವುದೇನು?" ಅನ್ನಬೇಡಿ. ನಿಮ್ಮ ಸೊನ್ನೆಗಳನ್ನು ತಪ್ಪದೆ ಬರೆಯಿರಿ.

ಮಾಡಿ ನೋಡಿ

1. ನೇರ ಗೋಡೆಯ ಬಾಟಲಿಯಿಂದ ಮಳೆಮಾಪಕ ಮಾಡಿ. ಬಾಟಲಿ ಕತ್ತರಿಸಲು ದೊಡ್ಡವರನ್ನು ಕರೆಯಿರಿ.
2. ದಿನಾ ಒಂದೇ ಹೊತ್ತಿಗೆ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿ. ಬರೆದ ಮೇಲೆ ಹೆಚ್ಚಿನ ನೀರು ಚೆಲ್ಲಿ ಮತ್ತೆ ಸೊನ್ನೆ ಗೆರೆಗೆ ತನ್ನಿ.
3. ಮಳೆ ಇಲ್ಲದ ದಿನ 0 ಬರೆಯಿರಿ. ಅಳೆಯದ ದಿನ ಖಾಲಿ ಬಿಟ್ಟು ಕಾರಣ ಬರೆಯಿರಿ.
4. ಗುಡುಗು, ಮಿಂಚು, ಜೋರು ಗಾಳಿ ಇರುವಾಗ ಅಂಗಳಕ್ಕೆ ಹೋಗಬೇಡಿ. ಆ ಮನೆ ಖಾಲಿ ಇರಲಿ.

ಯೋಚಿಸಿ ಉತ್ತರಿಸಿ

1. ನಮ್ಮ ಬಾಟಲಿ ತುಂಬಿ ಚೆಲ್ಲಿದ್ದರೆ ಶುಕ್ರವಾರದ ಮನೆಯಲ್ಲಿ ಏನು ಬರೆಯಬೇಕಿತ್ತು?
2. ಮೇಲೆ ಅಗಲ, ಕೆಳಗೆ ಕಿರಿದಾದ ಬಕೆಟ್ಟಿನಲ್ಲಿ ಅಳೆದರೆ ಅಂಕಿ ನಿಜವಾದ ಮಳೆಗಿಂತ ಹೆಚ್ಚು ಬರುತ್ತದೋ, ಕಡಿಮೆ ಬರುತ್ತದೋ?
3. 100 ಚದರ ಮೀಟರಿನ ಮಾಡಿನ ಮೇಲೆ ಆ ಎರಡು ದಿನಗಳಲ್ಲಿ ಎಷ್ಟು ಲೀಟರ್ ನೀರು ಬಿತ್ತು?
4. ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ರಜಾ ದಿನವನ್ನೂ ಗೈರುಹಾಜರಿಯನ್ನೂ ಬೇರೆ ಬೇರೆಯಾಗಿ ಗುರುತಿಸುತ್ತಾರೆ. ಯಾಕೆ?

ನಿಮ್ಮ ಊರಿನ ಒಂದು ವಾರದ ಮಳೆಪಟ್ಟಿಯನ್ನು ಟೀಚರಿಗೋ ಮಾಷ್ಟ್ರಿಗೋ ತೋರಿಸಿ, ಅವರ ಕೈಯಲ್ಲಿ ನಮ್ಮ ಪತ್ರಿಕೆಗೆ ಕಳಿಸಿ. ಖಾಲಿ ಮನೆಗಳಿದ್ದರೂ ಹಾಗೆಯೇ ಕಳಿಸಿ, ನಾಚಿಕೆ ಬೇಡ. ನಮ್ಮದರಲ್ಲೂ ಒಂದು ಉಂಟಲ್ಲ!